ಮೂರನೆಯ ಸಾಲು

ಮಾಳಪ್ಪ ಕಲ್ಲಿನ ಕೆಳಗೆ ಸತ್ತ. ಇಳಕಲ್ಲಿನ ಹೊರಗಿನ ಗ್ರಾನೈಟ್ ಕ್ವಾರಿಯೊಂದರ ಗೋಡೆ ಜರಿದು ಅವನ ಮೇಲೆ ಬಿದ್ದಿತ್ತು. ಜೀವ ಇದ್ದಾಗಲೇ ಅವನನ್ನು ಹೊರಗೆ ತೆಗೆಯಬಹುದಿತ್ತು.

ನನ್ನ ಸರ್ ಬಗ್ಗೆ ಬರೆಯಲು ಕುಳಿತವಳು ಬೇರೆಯವನ ಸಾವಿನಿಂದ ಆರಂಭಿಸಿದ್ದೇಕೆ ಎಂದರೆ, ಅದು ಅವರದೇ ಅಪ್ಪಣೆ. ಹೋದ ತಿಂಗಳು ಬಾಗಲಕೋಟೆಯ ಆಸ್ಪತ್ರೆಯಲ್ಲಿ, ಮೂಗಿನ ನಳಿಕೆಯನ್ನು ಕಿತ್ತೆಸೆದು ನರ್ಸ್ ಕೈಯಲ್ಲಿ ಬೈಸಿಕೊಂಡ ಮಧ್ಯಾಹ್ನ, ಅವರು ನನ್ನನ್ನು ಹತ್ತಿರ ಕರೆದರು.

“ನಾ ಹೋದ ಮ್ಯಾಲ ನೀ ಬರಿಯಾಕಿ ಅದಿ, ನನಗ ಗೊತ್ತೈತಿ. ಬರಿ. ಆದ್ರ ನನ್ನ ಹೆಸರು ಎಲ್ಲೂ ಹಾಕಬ್ಯಾಡ. ಮೊದಲನೇ ಸಾಲಿನ್ಯಾಗ ಮಾಳಪ್ಪನ ಹೆಸರು ಹಾಕು.”

ನಾನು ಹ್ಞೂಂ ಎಂದೆ.

“ಹ್ಞೂಂ ಅಲ್ಲ, ಬರಕೋ!” ಎಂದು ಮಂಚದ ಕಬ್ಬಿಣದ ಪಟ್ಟಿಯನ್ನು ಗುದ್ದಿದರು. ಯಾವುದನ್ನೂ ಗುದ್ದದೆ ಮಾತಾಡುವುದು ಅವರಿಗೆ ಗೊತ್ತಿರಲಿಲ್ಲ. ನಾನು ದಿನಚರಿ ತೆಗೆದು ಅವರ ಎದುರಿಗೇ ಬರೆದುಕೊಂಡೆ. ಆ ದಿನ ಬುಧವಾರ. ಶುಕ್ರವಾರ ಬೆಳಗ್ಗೆ ಅವರು ತೀರಿಕೊಂಡರು.

ನಾನು ಬಾದಾಮಿ ಪಕ್ಕದ ಬನಶಂಕರಿಯವಳು. ಬಾದಾಮಿಯಿಂದ ದಿನವೂ ಬಸ್ಸು ಹಿಡಿದು ಬಾಗಲಕೋಟೆಯ ನವನಗರಕ್ಕೆ ಎಂ.ಎ. ಪತ್ರಿಕೋದ್ಯಮ ಓದಲು ಹೋಗುತ್ತಿದ್ದೆ. ಎರಡನೆಯ ವರ್ಷದಲ್ಲಿ ಸಾರ್ವಜನಿಕ ಸಂಪರ್ಕ ಎಂಬ ವಿಷಯ ಇತ್ತು, ಅದನ್ನು ಸರ್ ಪಾಠ ಮಾಡುತ್ತಿದ್ದರು. ಮೊದಲ ದಿನ ಒಳಗೆ ಬಂದವರೇ, “ಸಾರ್ವಜನಿಕ ಸಂಪರ್ಕ ಅಂದ್ರೇನು?” ಎಂದು ಕೇಳಿದರು. ಮುಂದಿನ ಬೆಂಚಿನ ಹುಡುಗ ಎದ್ದು ನಿಂತು, ಸಂಸ್ಥೆ ಮತ್ತು ಅದರ ಜನಸಮುದಾಯಗಳ ನಡುವೆ ಪರಸ್ಪರ ತಿಳಿವಳಿಕೆಯನ್ನು ಬೆಳೆಸುವ ಯೋಜಿತ ಹಾಗೂ ನಿರಂತರ ಪ್ರಯತ್ನ ಎಂದು ಗಿಳಿಯಂತೆ ಒಪ್ಪಿಸಿದ. ಮಾತು ಮುಗಿಯುವ ಮೊದಲೇ ಡಸ್ಟರ್ ಅವನ ಕಿವಿಯ ಪಕ್ಕದಲ್ಲಿ ಹಾದು ಹಿಂದಿನ ಗೋಡೆಗೆ ಬಡಿದು ಎರಡು ತುಂಡಾಯಿತು.

“ಈ ವ್ಯಾಖ್ಯಾನ ಬರದಾವಗ ಯಾರರ ಕಲ್ಲು ಒಗದಾರೇನಲೇ? ನನಗ ಒಗದಾರ, ನೋಡಿಲ್ಲಿ,” ಎಂದು ಹುಬ್ಬಿನ ಮೇಲಿನ ಕೂದಲು ಸರಿಸಿದರು. ಹುಬ್ಬಿನಿಂದ ನೆತ್ತಿಯ ಕಡೆಗೆ ಒಂದು ಬಿಳಿಯ ಗಾಯದ ಗೆರೆ ಇತ್ತು.

ಅಣೆಕಟ್ಟಿನಿಂದಾದ ಮುಳುಗಡೆಯ ಕಾಲದಲ್ಲಿ ಅವರು ಹಳೆಯ ಬಾಗಲಕೋಟೆಯ ಓಣಿಗಳಲ್ಲಿ ಜೀಪಿನಲ್ಲಿ ಕುಳಿತು ಮೈಕಿನಲ್ಲಿ ಕೂಗುವ ಕೆಲಸ ಮಾಡಿದ್ದರಂತೆ. ಹಿನ್ನೀರು ಬರುತ್ತಿದೆ, ಮನೆ ಖಾಲಿ ಮಾಡಿ, ಗಾಬರಿಯಾಗಬೇಡಿ ಎಂದು ಹೇಳುವುದೇ ಕೆಲಸ. ಒಂದು ಓಣಿಯಲ್ಲಿ ಒಬ್ಬ ಮುದುಕಿ ಅದಾಗಲೇ ಅರ್ಧ ಕೆಡವಿದ್ದ ತನ್ನ ಮನೆಯ ಗೋಡೆಯಿಂದ ಕಲ್ಲು ಎತ್ತಿ ಎಸೆದಳು. “ಗಾಬರಿ ಆಗಬ್ಯಾಡ್ರಿ ಅಂದೆ, ನೋಡ್ರಿ, ಆಕಿ ಗಾಬರಿ ಆಗ್ಲಿಲ್ಲ. ಗುರಿ ಬರೋಬ್ಬರಿ ಇತ್ತು,” ಎಂದು ಸರ್ ನಕ್ಕರು. ಆಮೇಲೆ ಗಾಯ ಮುಟ್ಟಿಕೊಂಡು, “ಇದು ನನ್ನ ಮೊದಲನೇ ಡಿಗ್ರಿ. ಉಳಿದಾವು ಕಾಗದದಾಗ ಅದಾವು,” ಎಂದರು.

ಶನಿವಾರದ ಅವರ ತರಗತಿಗೆ ನಾವು ‘ಗದ್ದಲ’ ಎಂದು ಹೆಸರಿಟ್ಟಿದ್ದೆವು. ಒಬ್ಬರು ವೇದಿಕೆಯ ಮೇಲೆ ನಿಂತು ಕಂಪನಿಯ ವಕ್ತಾರರಾಗಬೇಕು, ಉಳಿದವರು ಸತ್ತವರ ಮನೆಯವರಾಗಬೇಕು. ಕಾಗದದ ಉಂಡೆ, ಚಪ್ಪಲಿ, ಬೈಗುಳ, ಏನು ಬೇಕಾದರೂ ಎಸೆಯಬಹುದು. ಮೊದಮೊದಲು ನಾವು ನಾಚುತ್ತಿದ್ದೆವು. ಆಮೇಲೆ ನಾಚಿಕೆ ಹೋಯಿತು. ಒಮ್ಮೆ ಹುಡುಗರು ನಿಜವಾಗಿಯೇ ರೊಚ್ಚಿಗೆದ್ದು ವೇದಿಕೆಗೆ ನುಗ್ಗಿ ವಕ್ತಾರನಾಗಿದ್ದವನ ಬೆರಳು ಮುರಿದರು. ಸರ್ ಅವನನ್ನು ತಮ್ಮ ಸ್ಕೂಟರಿನ ಮೇಲೆ ಆಸ್ಪತ್ರೆಗೆ ಒಯ್ದರು. ದಾರಿಯುದ್ದಕ್ಕೂ, “ಬೆರಳು ಮುರದ್ರೂ ನೀ ಸುಳ್ಳು ಹೇಳಲಿಲ್ಲಲೇ, ಭೇಷ್,” ಎನ್ನುತ್ತಿದ್ದರಂತೆ.

ನನ್ನ ಸರದಿ ಬಂದಾಗ ಸರ್ ತಾವೇ ಸತ್ತವನ ಅಣ್ಣನಾದರು. ನನ್ನ ಮುಖದ ಹತ್ತಿರ ಬಂದು ಕತ್ತಿನ ನರ ಉಬ್ಬುವಂತೆ ಚೀರಿದರು.

“ನನ್ನ ತಮ್ಮ ಎಲ್ಲಿ?”

“ಪರಿಶೀಲಿಸಿ ತಿಳಿಸುತ್ತೇವೆ,” ಎಂದೆ.

ವೇದಿಕೆಯ ಮೇಲಿನ ಕುರ್ಚಿಗೆ ಒದ್ದರು. ಅದು ಉರುಳಿ ಕೆಳಗೆ ಬಿದ್ದು ಕಾಲು ಮುರಿಯಿತು. “ಡೈರಿ ಬರಿತೀಯಂತಲ್ಲ ನೀ? ಬಸ್ಸು ಎಷ್ಟೊತ್ತಿಗೆ ಬಂತು, ಯಾವಾಕಿ ಎಷ್ಟು ದಿನ ಬರಲಿಲ್ಲ, ಎಲ್ಲಾ ಲೆಕ್ಕ ಇಡ್ತಿ. ಹಂಗಾರ ಸತ್ತವರ ಲೆಕ್ಕ ಕೊಡು!” ಅಂದಿನಿಂದ ನನ್ನನ್ನು ಲೆಕ್ಕದಾಕಿ ಎಂದೇ ಕರೆದರು. ಆ ವರ್ಷದ ನನ್ನ ಲೆಕ್ಕದಲ್ಲಿ ಮುರಿದ ಡಸ್ಟರ್ ಮೂರು, ಕುರ್ಚಿ ಒಂದು, ಬೆರಳು ಒಂದು. ಅತ್ತವರ ಲೆಕ್ಕ ತಪ್ಪಿಹೋಗಿದೆ.

ಇದೇ ಮನುಷ್ಯ ಸೋಮವಾರ ಬಂದರೆ ಬೇರೆಯಾಗಿರುತ್ತಿದ್ದರು. ಕನ್ನಡಕ ಹಾಕಿಕೊಂಡು ಹಳೆಯ ಹಾಳೆಗಳನ್ನು ಹಿಡಿದು ನೋಟ್ಸ್ ಬರೆಸುತ್ತಿದ್ದರು. ಬಿಕ್ಕಟ್ಟಿನ ಸಂದರ್ಭದಲ್ಲಿ ಸಂಸ್ಥೆ ನೀಡಬೇಕಾದ ಹೇಳಿಕೆಯ ಮಾದರಿ ಬರೆಯಿರಿ ಎಂಬುದು ಪರೀಕ್ಷೆಯಲ್ಲಿ ತಪ್ಪದೆ ಬರುವ ಹತ್ತು ಅಂಕದ ಪ್ರಶ್ನೆ. ಉತ್ತರಕ್ಕೆ ಐದು ಸಾಲು, ಸಾಲಿಗೆ ಎರಡು ಅಂಕ. ಘಟನೆಗೆ ಸಂಸ್ಥೆ ವಿಷಾದಿಸುತ್ತದೆ. ಆಡಳಿತ ಮಂಡಳಿ ಸ್ಥಳದಲ್ಲಿದೆ. ಎಲ್ಲ ಕಾರ್ಮಿಕರು ಸುರಕ್ಷಿತವಾಗಿದ್ದಾರೆ. ತನಿಖೆಗೆ ಪೂರ್ಣ ಸಹಕಾರ ನೀಡಲಾಗುವುದು. ವದಂತಿಗಳಿಗೆ ಕಿವಿಗೊಡಬಾರದು. ಪಠ್ಯಕ್ರಮ ಸಮಿತಿಯಲ್ಲಿದ್ದಾಗ ಆ ಐದು ಸಾಲುಗಳನ್ನು ರಚಿಸಿದವರು ಸರ್ ತಾವೇ. ವಿಶ್ವವಿದ್ಯಾಲಯದ ಎಲ್ಲ ಕಾಲೇಜುಗಳಲ್ಲೂ ಅವನ್ನು ಬಾಯಿಪಾಠ ಮಾಡುತ್ತಿದ್ದರು.

“ಶನಿವಾರ ಒಂದು ಹೇಳ್ತೀರಿ, ಸೋಮವಾರ ಒಂದು ಬರಸ್ತೀರಲ್ರಿ ಸರ್?” ಎಂದು ಒಮ್ಮೆ ಕೇಳಿದೆ.

“ಶನಿವಾರದ್ದು ಜೀವಕ್ಕ, ಸೋಮವಾರದ್ದು ಹೊಟ್ಟಿಗಿ. ನಿನಗ ಡಿಗ್ರಿ ಬ್ಯಾಡೇನು?” ಎಂದರು. ನನಗೆ ಡಿಗ್ರಿ ಬೇಕಾಗಿತ್ತು.

ಮಾಳಪ್ಪ ಸತ್ತ ದಿನ ಗುರುವಾರ. ಕೈಗಾರಿಕಾ ಭೇಟಿ ಎಂದು ನಮ್ಮ ತರಗತಿಯನ್ನು ಸರ್ ಇಳಕಲ್ಲಿಗೆ ಕರೆದುಕೊಂಡು ಹೋಗಿದ್ದರು. ನಮಗಿಂತ ಎರಡು ವರ್ಷ ಮೊದಲು ಓದಿದ್ದ ಶಿವು ಅಲ್ಲಿನ ಗ್ರಾನೈಟ್ ಕಂಪನಿಯೊಂದರಲ್ಲಿ ಸಾರ್ವಜನಿಕ ಸಂಪರ್ಕಾಧಿಕಾರಿಯಾಗಿದ್ದ. ನಮ್ಮ ವಿಭಾಗದಲ್ಲಿ ಓದಿ ಆ ಹೆಸರಿನ ನೌಕರಿ ಪಡೆದವನು ಅವನೊಬ್ಬನೇ. ಇಸ್ತ್ರಿ ಅಂಗಿ, ಕೊರಳಲ್ಲಿ ಗುರುತಿನ ಚೀಟಿ. ಪಾಲಿಶ್ ಶೆಡ್ಡಿನಲ್ಲಿ ಕಲ್ಲು ಕೊಯ್ಯುವ ಗರಗಸಗಳ ಸದ್ದಿಗೆ ಮಾತು ಕೇಳುತ್ತಿರಲಿಲ್ಲ. ಅವನು ನಮ್ಮನ್ನು ಹೊರಗೆ ಕರೆದು ಚಹಾ, ಮಿರ್ಚಿ ಭಜಿ ಕೊಡಿಸುತ್ತಿದ್ದಾಗ ಫೋನ್ ಬಂತು. ಆಫೀಸಿನೊಳಗೆ ಓಡಿದ. ನಮ್ಮ ಚಹಾ ಆರುವ ಮೊದಲೇ ಹೊರಗೆ ಬಂದ.

“ನಮ್ಮ ಕ್ವಾರಿಯೊಳಗ ಗೋಡಿ ಜರದೈತಿ ಸರ್. ಗಾಬರಿ ಇಲ್ಲ. ಹೇಳಿಕಿ ಹೊರಗ ಹೋಗಿ ಆತು. ತಹಶೀಲ್ದಾರ್ರಿಗೆ, ಪೊಲೀಸ್ರಿಗೆ, ಪೇಪರ್‌ನವ್ರಿಗೆ, ಎಲ್ಲಾರಿಗೂ. ಐದೂ ಸಾಲು ನಿಮ್ಮವ. ಒಂದಕ್ಷರ ಬಿಟ್ಟಿಲ್ಲ.”

ಸರ್ ಅವನ ಫೋನು ಇಸಿದುಕೊಂಡು ಓದಿದರು. ಅವರ ಮುಖ ಅರಳಿತು. “ಶಹಬ್ಬಾಸ್ ಮಗನ!” ಎಂದು ಬೆನ್ನಿಗೆ ಹೊಡೆದ ಹೊಡೆತಕ್ಕೆ ಶಿವುವಿನ ಕೈಯ ಚಹಾ ಚೆಲ್ಲಿತು. “ನಡೀರಿ, ಈಗ ಖರೆ ಶನಿವಾರ ನೋಡೂಣು,” ಎಂದು ನಮ್ಮನ್ನು ಬಸ್ಸಿಗೆ ಹತ್ತಿಸಿದರು.

ಕ್ವಾರಿ ದೊಡ್ಡ ಬಾವಿಯಂತಿತ್ತು. ಅದರ ಒಂದು ಬದಿ ಇರಲಿಲ್ಲ. ಮನೆಯಷ್ಟು ದೊಡ್ಡ ಕೆಂಪು ಬಂಡೆಗಳು ಒಂದರ ಮೇಲೊಂದು ಬಿದ್ದು, ಧೂಳು ಇನ್ನೂ ಅಡಗಿರಲಿಲ್ಲ. ಅಗೆಯುವ ಯಂತ್ರಗಳೆರಡು ಕೆಳಗೆ ಬಂದ್ ಆಗಿ ನಿಂತಿದ್ದವು. ಚಾಲಕರು ನೆರಳಿನಲ್ಲಿ ಬೀಡಿ ಸೇದುತ್ತಿದ್ದರು. ಮೇಲೆ ಹಗ್ಗ ಕಟ್ಟಿ ಜನರನ್ನು ತಡೆದಿದ್ದರು. ಹಗ್ಗದ ಹತ್ತಿರ ಒಬ್ಬ ಹೆಂಗಸು ಕಂಪನಿಯ ಆಳುಗಳ ಜೊತೆ ಕೈ ಕೈ ಮಿಲಾಯಿಸಿ ಹೋರಾಡುತ್ತಿದ್ದಳು. ಮಾಳಪ್ಪನ ಹೆಂಡತಿ ಲಕ್ಕವ್ವ ಅವಳೇ ಎಂದು ಆಮೇಲೆ ತಿಳಿಯಿತು.

“ಒಳಗ ಅದಾನ್ರೀ! ನೀರಿನ ಪಂಪ್ ಬಂದ್ ಮಾಡಿ ಬರ್ತೇನಿ, ಬುತ್ತಿ ಹಿಡಕೊಂಡಿರು ಅಂದು ಇಳದಾನ! ಈ ಕಣ್ಲೆ ನೋಡೇನಿ!”

ಒಬ್ಬ ಆಳು ಅವಳ ಎದೆಗೆ ಕೈಯಿಟ್ಟು ನೂಕಿದ. ಅವಳು ಕಲ್ಲಿನ ಮೇಲೆ ಬಿದ್ದು ಹಣೆ ಒಡೆಯಿತು. ಕಂಕುಳಲ್ಲಿದ್ದ ಬುತ್ತಿಯ ಗಂಟನ್ನು ಮಾತ್ರ ಬಿಡಲಿಲ್ಲ. ಪೊಲೀಸ್ ಅಧಿಕಾರಿ ಫೋನು ಎತ್ತಿ ತೋರಿಸಿ, “ಎಲ್ಲಾರೂ ಸುರಕ್ಷಿತ ಅದಾರಂತ ಕಂಪನಿ ಬರದು ಕೊಟ್ಟೈತಿ ನೋಡವಾ. ನಿನ್ನ ಗಂಡ ಎಲ್ಲೋ ಊರೊಳಗ ಇದ್ದಾನು. ಉಳಿದ ಗೋಡಿನೂ ಜರದ್ರ ಮಷಿನ್‌ನವ್ರು ಸಾಯ್ತಾರ. ನಾಳೆ ತಪಾಸಣಿ ಆದ ಮ್ಯಾಲ ಕಲ್ಲು ತಗಸ್ತೇವಿ,” ಎಂದ. ಆತ ಕೆಟ್ಟವನಾಗಿ ಕಾಣಲಿಲ್ಲ. ಕೈಯಲ್ಲಿದ್ದ ಹೇಳಿಕೆಯನ್ನು ನಂಬಿದ್ದ, ಅಷ್ಟೆ.

ಸರ್ ಶಿವುವಿನ ಕಡೆಗೆ ತಿರುಗಿದರು.

“ಎಣಿಸಿದ್ಯೇನು?”

“ಏನ್ರಿ ಸರ್?”

“ಮಂದಿನ್ನ. ಕೆಳಗ ಇಳದವರು ಎಷ್ಟು, ಹತ್ತಿ ಬಂದವರು ಎಷ್ಟು, ಎಣಿಸಿದ್ಯೇನು?”

ಶಿವುವಿನ ಮುಖದಲ್ಲಿ ಕಪಟ ಇರಲಿಲ್ಲ. ಪರೀಕ್ಷೆಯಲ್ಲಿ ಗೊತ್ತಿರುವ ಪ್ರಶ್ನೆ ಬಂದವನಂತೆ ಹೇಳಿದ. “ಮೂರನೇ ಸಾಲು ಐತೆಲ್ರಿ ಸರ್. ಎಲ್ಲ ಕಾರ್ಮಿಕರು ಸುರಕ್ಷಿತವಾಗಿದ್ದಾರೆ.”

“ಅದನ್ನ ನಿನಗ ಯಾರು ಹೇಳಿದ್ರು?”

“ನೀವ ಬರಸೀರಿ.”

ಸರ್ ಕಪಾಳಕ್ಕೆ ಹೊಡೆದರು. ಶಿವುವಿನ ತುಟಿ ಸೀಳಿ ಇಸ್ತ್ರಿ ಅಂಗಿಯ ಮೇಲೆ ರಕ್ತ ಬಿತ್ತು. ಅದೇ ಕೈಯಿಂದ ಸರ್ ತಮ್ಮ ಕಪಾಳಕ್ಕೂ ಹೊಡೆದುಕೊಂಡರು, ಒಂದು ಸಲವಲ್ಲ, ಮೇಲಿಂದ ಮೇಲೆ. ಆಮೇಲೆ ಪೊಲೀಸ್ ಅಧಿಕಾರಿಯ ಇನ್ನೊಂದು ಕೈಯಲ್ಲಿದ್ದ ಕೈಮೈಕು ಕಿತ್ತುಕೊಂಡು, ಹಗ್ಗ ದಾಟಿ, ಲಾರಿಗಳು ಇಳಿಯುವ ಇಳಿಜಾರಿನಲ್ಲಿ ಓಡಿ, ಯಂತ್ರವೊಂದರ ಮೇಲೆ ಹತ್ತಿ ನಿಂತರು.

“ಆ ಹೇಳಿಕಿ ನಂದು! ನಾ ಬರಸೇನಿ! ಸುಳ್ಳೈತಿ ಅದು, ಯಾರೂ ಎಣಿಸಿಲ್ಲ! ಕೆಳಗ ಮನಷ್ಯಾ ಅದಾನ!”

ಹೆಚ್ಚಿನವರ ಕಿವಿಗೆ ಬಿದ್ದದ್ದು ಮೊದಲ ಮಾತು ಮಾತ್ರ. ಹಗ್ಗ ಹರಿಯಿತು. ಎಲ್ಲರೂ ಒಮ್ಮೆಲೇ ಕೆಳಗೆ ನುಗ್ಗಿದರು. ಮೊದಲ ಕಲ್ಲು ಸರ್ ಭುಜಕ್ಕೆ ಬಿತ್ತು, ಎರಡನೆಯದು ಬಾಯಿಗೆ. ಯಾರೋ ಕಾಲು ಹಿಡಿದು ಎಳೆದರು. ಅವರು ಯಂತ್ರದ ಮೇಲಿಂದ ಮುಖ ಕೆಳಗಾಗಿ ಬಿದ್ದರು. ಮಾಳಪ್ಪನ ತಮ್ಮ ಸಲಿಕೆಯ ಕಾವಿನಿಂದ ಹೊಡೆದ ಏಟು ಎಡಗಿವಿಗೆ ಬಿತ್ತು. ಅದರ ಸದ್ದು ಮೇಲೆ ನಿಂತಿದ್ದ ನಮಗೂ ಕೇಳಿಸಿತು. ಕಂಪನಿಯ ಆಳುಗಳೂ ಬಂದು ಹೊಡೆಯುವವರ ಜೊತೆ ಸೇರಿಕೊಂಡರು. ಅವರಿಗೆ ಬೇರೆ ಸಿಟ್ಟು. ಎರಡೂ ಕಡೆಯವರು ಕೂಡಿ ಒಬ್ಬನನ್ನು ಬಡಿಯುವುದನ್ನು ನಾನು ನೋಡಿದ್ದು ಅದೊಂದೇ ಸಲ. ಶನಿವಾರಗಳಲ್ಲಿ ಚಪ್ಪಲಿ ಎಸೆದು ಕಲಿತಿದ್ದ ನಮ್ಮಲ್ಲಿ ಒಬ್ಬರ ಕಾಲೂ ಮುಂದಕ್ಕೆ ಹೋಗಲಿಲ್ಲ.

ಬಡಿತದ ನಡುವಿನಿಂದ ಸರ್ ದನಿ ಮಾತ್ರ ಬರುತ್ತಿತ್ತು. “ಹೊಡೀರಿ! ಹೊಡೀರಿ! ಆದ್ರ ಮಷಿನ್ ಚಾಲೂ ಮಾಡಸ್ರಿ!”

ಲಕ್ಕವ್ವ ಬಂದು ಬುತ್ತಿಯ ಗಂಟಿನಿಂದಲೇ ಅವರ ಮುಖಕ್ಕೆ ಬಾರಿಸಿದಳು. ಒಳಗಿನ ಡಬ್ಬಿ ಬಿಚ್ಚಿ ಪಲ್ಯ, ರೊಟ್ಟಿ ಅವರ ರಕ್ತದ ಮೇಲೆ ಚೆಲ್ಲಿದವು. ಚೆಲ್ಲಿದ ಬುತ್ತಿಯನ್ನು ಒಂದು ಕ್ಷಣ ನೋಡಿದಳು. ನಂತರ ಕಲ್ಲೊಂದನ್ನು ಎತ್ತಿ ಯಂತ್ರದ ಗಾಜಿಗೆ ಎಸೆದಳು. ಗಾಜು ಪುಡಿಯಾಯಿತು.

“ಚಾಲೂ ಮಾಡಲೇ ಹಾಟ್ಯಾ!” ಎಂದು ಚಾಲಕನ ಮೇಲೆ ಹೋದಳು. “ಇವಾ ಹೇಳಾಕತ್ತಾನ ಸುಳ್ಳಂತ! ಕೇಳಿಸಂಗಿಲ್ಲೇನು ನಿಮಗ?”

ಆಗ ಪೊಲೀಸ್ ಅಧಿಕಾರಿ ಕೈ ಬೀಸಿದ. ಯಂತ್ರಗಳು ಗುಡುಗಿದವು.

ಹೊತ್ತು ಮುಳುಗುವ ಮುಂಚೆ ಪಂಪಿನ ಹತ್ತಿರ ಒಂದು ಕೈ ಕಂಡಿತು. ಸರ್ ಆಸ್ಪತ್ರೆಗೆ ಹೋಗಲು ಒಪ್ಪದೆ, ಕಿವಿಗೆ ನನ್ನ ಓಢಣಿ ಒತ್ತಿಕೊಂಡು ಅಲ್ಲಿಯವರೆಗೂ ಕುಳಿತಿದ್ದರು. ಬಂಡೆ ಮಾಳಪ್ಪನ ಸೊಂಟದ ಕೆಳಭಾಗವನ್ನು ಜಜ್ಜಿತ್ತು. ಎದೆ, ಮುಖ ಸರಿಯಾಗಿದ್ದವು. ಕೈಬೆರಳುಗಳಿಗೆ ಉಗುರೇ ಇರಲಿಲ್ಲ. ಮರುದಿನ ಮರಣೋತ್ತರ ಪರೀಕ್ಷೆ ಮುಗಿಸಿ ಹೊರಗೆ ಬಂದ ಡಾಕ್ಟರನ್ನು ಸರ್ ಅಡ್ಡಗಟ್ಟಿ ಕೇಳಿದರು. ಜೀವ ಸ್ವಲ್ಪ ಹೊತ್ತು ಇತ್ತು, ಕಲ್ಲು ಕೆರೆದಿದ್ದಾನೆ ಎಂದರು ಡಾಕ್ಟರು.

“ಸ್ವಲ್ಪ ಅಂದ್ರ ಎಷ್ಟ್ರಿ?”

ಡಾಕ್ಟರು ಅವರನ್ನು ಬಳಸಿಕೊಂಡು ಹೋಗಿ ಜೀಪು ಹತ್ತಿದರು. ಯಂತ್ರಗಳು ಎಷ್ಟು ಹೊತ್ತು ಸುಮ್ಮನೆ ನಿಂತಿದ್ದವು ಎಂಬುದು ನನ್ನ ದಿನಚರಿಯಲ್ಲಿದೆ. ಸರ್ ಅದನ್ನು ಒಮ್ಮೆಯೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಅವರ ಎಡಗಿವಿ ಮತ್ತೆ ಕೇಳಲಿಲ್ಲ. ತರಗತಿಗೆ ಬಂದ ಮೊದಲ ಸೋಮವಾರ ಐದು ಸಾಲಿನ ಹಾಳೆಯನ್ನು ಹರಿದು ಹಾಕಿದರು. ನಮ್ಮ ನೋಟ್ಸನ್ನೂ ಹರಿದು ಹಾಕಿಸಿದರು. ಅಂದಿನಿಂದ ಹಾಜರಿ ಕರೆಯಲಿಲ್ಲ. ದಿನಕ್ಕೊಬ್ಬರು ಎದ್ದು ತಲೆ ಎಣಿಸಬೇಕು. ಒಂದು ತಲೆ ಕಡಿಮೆಯಾದರೆ, ಆ ಹುಡುಗ ಎಲ್ಲಿದ್ದಾನೆಂದು ಗೊತ್ತಾಗುವವರೆಗೆ ಪಾಠ ಇಲ್ಲ. ಕ್ಯಾಂಟೀನಿನಿಂದ, ಶೌಚಾಲಯದಿಂದ, ಒಮ್ಮೆ ಹುನಗುಂದದ ಬಸ್ಸಿನಿಂದಲೂ ಇಳಿಸಿಕೊಂಡು ತಂದದ್ದಿದೆ. ಹುಡುಗರು ಹಿಂದಿನಿಂದ ‘ಕುರಿ ಎಣಸಾಂವ’ ಎಂದು ಆಡಿಕೊಳ್ಳುತ್ತಿದ್ದರು. ಕೇಳುವ ಕಿವಿಯ ಕಡೆಯಿಂದಲೇ ಅಂದರೂ ಸರ್ ತಿರುಗಿ ನೋಡಲಿಲ್ಲ.

ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂದೇ ಬಂತು. ಸರ್ ಹೇಳಿಕೊಟ್ಟಂತೆ ನಾವು ಮೂರನೆಯ ಸಾಲಿನ ಜಾಗದಲ್ಲಿ ‘ಎಣಿಕೆ ಇನ್ನೂ ಮುಗಿದಿಲ್ಲ, ಹುಡುಕಾಟ ನಿಲ್ಲಿಸಬೇಡಿ’ ಎಂದು ಬರೆದೆವು. ಮೌಲ್ಯಮಾಪನ ಕೇಂದ್ರದಲ್ಲಿ ಆ ಸಾಲಿಗೆ ಸೊನ್ನೆ ಕೊಟ್ಟರು. ಮಾದರಿ ಉತ್ತರದಲ್ಲಿ ಇಲ್ಲದ್ದಕ್ಕೆ ಅಂಕ ಕೊಡಲು ಬರುವುದಿಲ್ಲವಂತೆ. ಸರ್ ಅಲ್ಲಿಗೆ ಹೋಗಿ ಕೂಗಾಡಿದರು.

“ಮಾದರಿ ಉತ್ತರ ನೀವ ಮಾಡೀರಲ್ರಿ,” ಎಂದರು ಅಲ್ಲಿಯ ಮುಖ್ಯಸ್ಥರು.

“ಅದಕ್ಕ ಹೇಳಾಕತ್ತೇನಿ, ಅದು ಮನಷ್ಯಾನ್ನ ಕೊಂದೈತಿ!”

“ತಿದ್ದುಪಡಿಗೆ ಅರ್ಜಿ ಕೊಡ್ರಿ. ಸಮಿತಿ ಮುಂದ ಇಡ್ತೇವಿ.”

ಸರ್ ಮೇಜಿನ ಗಾಜನ್ನು ಗುದ್ದಿ ಒಡೆದರು. ಅವರ ಅಂಗೈಗೆ ಹೊಲಿಗೆ ಬಿತ್ತು, ಮೌಲ್ಯಮಾಪನದಿಂದ ಅವರನ್ನು ತೆಗೆದುಹಾಕಿದರು. ಅರ್ಜಿಯನ್ನೂ ಅವರು ಕೊಟ್ಟಿದ್ದರು. ಮೂರನೆಯ ಸಾಲು ಇವತ್ತಿಗೂ ಹಾಗೆಯೇ ಇದೆ.

ಮಾಳಪ್ಪನ ಊರು ಹುನಗುಂದದ ಹತ್ತಿರ. ಸರ್ ಅಮಾವಾಸ್ಯೆಗೊಮ್ಮೆ ಅಲ್ಲಿಗೆ ಹೋಗಿ ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ಕೂರುತ್ತಿದ್ದರು. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಮೊದಲ ಸಲ ಲಕ್ಕವ್ವ ಅವರ ಮೇಲೆ ಮುಸುರೆ ನೀರು ಎರಚಿದ್ದಳಂತೆ. ನಾನು ಹೋದ ದಿನ ಎರಚಲಿಲ್ಲ. ಹಟ್ಟಿಯಿಂದ ಕುರಿ ಹೊರಗೆ ಬಿಡುತ್ತಿದ್ದವಳು ಕೋಲು ಹಿಡಿದೇ ಬಂದು ಎದುರಿಗೆ ನಿಂತಳು. ಹಣೆಯ ಗಾಯ ಕಪ್ಪಾಗಿ ಉಳಿದಿತ್ತು.

“ನೀ ಬಂದಾಗೊಮ್ಮೆ ನನಗ ಅವನ ಉಗುರು ನೆನಪಾಗ್ತಾವು. ಯಾಕ ಬರ್ತಿ?”

“ಬೈಸ್ಕೊಳಾಕ ಬರ್ತೇನಿ ತಂಗಿ,” ಎಂದರು ಸರ್.

“ಬೈದು ಬೈದು ನನ್ನ ಬಾಯಿ ಸೋತೈತಿ. ನಿನ್ನ ಮಾರಿ ನೋಡಿದ್ರ ನನ್ನ ಹೊಟ್ಟಿ ತಣ್ಣಗಾಗತೈತಿ ಅಂದ್ಕೊಂಡಿಯೇನು? ಇಲ್ಲ. ಇನ್ನ ಬರಬ್ಯಾಡ. ಬಂದ್ರ ಕಾಲು ಮುರಿತೇನಿ.”

ಸರ್ ಎದ್ದು ಕೈಮುಗಿದರು. ಮತ್ತೆ ಹೋಗಲಿಲ್ಲ. ಬಸ್ಸಿನಲ್ಲಿ ಬಾಗಲಕೋಟೆಯವರೆಗೆ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಅವರು ಏನನ್ನೂ ಗುದ್ದದ ದಿನ ನನ್ನ ಲೆಕ್ಕದಲ್ಲಿ ಅದೊಂದೇ.

ಅವರು ಲಿಂಗಾಯತರು, ಸುಡುವುದಿಲ್ಲ. ಶುಕ್ರವಾರ ಸಂಜೆ ಕುಣಿ ತೋಡಿ, ಅವರನ್ನು ಕುಳ್ಳಿರಿಸಿದ ಭಂಗಿಯಲ್ಲೇ ಕೆಳಗಿಳಿಸಿದರು. ಸ್ವಾಮಿಗಳೊಬ್ಬರು, ಇಬ್ಬರು ಅಳಿಯಂದಿರು, ನೆರೆಮನೆಯವರೊಬ್ಬರು ಕುಣಿಯೊಳಗೆ ಇಳಿದು ವಿಭೂತಿ, ಬಿಲ್ವಪತ್ರೆ ಇಟ್ಟರು. ಕಾಲೇಜಿನಿಂದ ಬಂದವರು ಅವಸರದಲ್ಲಿದ್ದರು, ಮಳೆಯ ಮೋಡವಿತ್ತು. ಸಲಿಕೆ ಹಿಡಿದವರು ಮಣ್ಣು ಎತ್ತಿದರು.

“ತಡೀರಿ!”

ಜನರ ಹಿಂದಿನಿಂದ ಶಿವು ನುಗ್ಗಿ ಬಂದ. ಕ್ವಾರಿಯ ಆ ವಾರವೇ ನೌಕರಿ ಬಿಟ್ಟು ಇಳಕಲ್ಲಿನಲ್ಲಿ ಅವ್ವನ ಮಗ್ಗಕ್ಕೆ ಕುಳಿತಿದ್ದಾನೆಂದು ಕೇಳಿದ್ದೆ. ಸರ್ ಬದುಕಿರುವವರೆಗೆ ಅವರ ಎದುರಿಗೆ ಬಂದಿರಲಿಲ್ಲ. ಮಣ್ಣು ಎತ್ತಿದವನ ಸಲಿಕೆಯನ್ನು ಎರಡೂ ಕೈಯಿಂದ ಹಿಡಿದುಕೊಂಡ. ಸಲಿಕೆಯವನು ಬಿಡಿಸಿಕೊಳ್ಳಲು ಜಗ್ಗಿದ. ಜಗ್ಗಾಟದಲ್ಲಿ ಸಲಿಕೆಯ ಅಂಚು ತಾಗಿ ಶಿವುವಿನ ಅಂಗೈ ಸೀಳಿತು.

“ಹುಚ್ಚ ಹಿಡದೈತೇನಲೇ? ಬಿಡು!”

“ಬಿಡಂಗಿಲ್ಲ. ಕೆಳಗ ಇಳದವರು ಎಷ್ಟು ಮಂದಿ? ಹತ್ತಿ ಬಂದವರು ಎಷ್ಟು ಮಂದಿ? ಎಣಿಸೀರೇನು?”

“ಎಲ್ಲಾರೂ ಬಂದಾರಪಾ, ಕಾಣಂಗಿಲ್ಲೇನು?” ಎಂದರು ಯಾರೋ.

“ಎಲ್ಲಾರೂ ಅನಬ್ಯಾಡ್ರಿ!” ಶಿವು ಚೀರಿದ. ಅವನ ಕೈಯ ರಕ್ತ ಸಲಿಕೆಯ ಕಾವಿನ ಮೇಲೆ ಇಳಿಯುತ್ತಿತ್ತು. “ಎಣಸ್ರಿ!”

ಯಾರೂ ಎಣಿಸಲಿಲ್ಲ. ಆಗ ನಾನು ಮುಂದೆ ಹೋಗಿ ಕುಣಿಗೆ ಇಳಿದು ಮೈತುಂಬ ವಿಭೂತಿಯಾಗಿದ್ದವರನ್ನು ಒಬ್ಬೊಬ್ಬರನ್ನಾಗಿ ಭುಜ ಮುಟ್ಟಿ, ಎಲ್ಲರಿಗೂ ಕೇಳುವಂತೆ ಎಣಿಸಿದೆ. ಸ್ವಾಮಿಗಳು. ಇಬ್ಬರು ಅಳಿಯಂದಿರು. ನೆರೆಮನೆಯವರು.

ಇಳಿದವರು ನಾಲ್ವರು. ಹತ್ತಿದವರು ನಾಲ್ವರು.

ಶಿವು ಕುಣಿಯ ಅಂಚಿಗೆ ಬಂದು ಬಗ್ಗಿ ಒಳಗೆ ನೋಡಿದ. ಕೆಳಗೆ ಸರ್ ಒಬ್ಬರೇ ಕುಳಿತಿದ್ದರು.

ಆಮೇಲೆ ಅವನು ಸಲಿಕೆ ಬಿಟ್ಟ.